ಲೆಕ್ಕ ಒಪ್ಪಿಸುವ ಹೊಣೆ

ಚನ್ನರಾಯಪಟ್ಟಣದ ತಾಲ್ಲೂಕಿಗೆ ಸೇರಿದ ಶ್ರವಣಬೆಳಗೊಳದ ಶಾಸನಗಳಲ್ಲಿ ಹಾಲಿನ ಲೆಕ್ಕವೂ ಉಂಟು. ಆರ್. ನರಸಿಂಹಾಚಾರ್ಯರು ೧೯೨೩ರಲ್ಲಿ ಹೊರತಂದ ಸಂಪುಟವೊಂದರಲ್ಲಿಯೇ ಆ ಊರಿನ ಐನೂರು ಶಾಸನಗಳು ಅಚ್ಚಾಗಿವೆ. ಮುನಿಗಳ ಸಲ್ಲೇಖನ, ರಾಜರ ದಾನಧರ್ಮ, ಯಾತ್ರಿಕರ ಹೆಸರು ಇವುಗಳ ನಡುವೆ, ಹದಿಮೂರನೆಯ ಶತಮಾನದ ಕೆಲವು ಬರಹಗಳಲ್ಲಿ, ಭಕ್ತರು ಇಷ್ಟು ಗದ್ಯಾಣ ಹೊನ್ನನ್ನು ದತ್ತಿಯಾಗಿಟ್ಟು, ಅದರ ಬಡ್ಡಿಯಿಂದ ಗೊಮ್ಮಟದೇವರ ನಿತ್ಯಾಭಿಷೇಕಕ್ಕೆ ಇಷ್ಟು ಮಾನ ಹಾಲು ಸಲ್ಲತಕ್ಕದ್ದೆಂದು ಬರೆಯಿಸಿರುವರು. ಹೊನ್ನು ಕೊಟ್ಟವನೂ ಹೋದನು, ಬಡ್ಡಿಗೆ ಒಪ್ಪಿ ಹೊತ್ತವನೂ ಹೋದನು. ಆದರೆ ಬರಹವು ಬಂಡೆಯ ಮೇಲೆ, ದಾರಿಹೋಕರೆಲ್ಲರ ಕಣ್ಣಿಗೆ ಬೀಳುವಂತೆ ನಿಂತಿತು. ಅಕ್ಷರ ಬಲ್ಲ ಯಾವನೇ ಆಗಲಿ ಅದರ ಮುಂದೆ ನಿಂತು, "ಹಾಲು ಸಲ್ಲುತ್ತಿದೆಯೇ?" ಎಂದು ಕೇಳಬಹುದಾಗಿತ್ತು. ಲೆಕ್ಕವನ್ನು ಕಲ್ಲಿನ ಮೇಲೆ ಬರೆಯಿಸಿದ್ದು ಅದು ಅಳಿಯಬಾರದೆಂದು ಮಾತ್ರವಲ್ಲ, ಕೇಳುವವರಿರಲೆಂದು ಕೂಡ.

ಅದೇ ತಾಲ್ಲೂಕಿನ ಹಳ್ಳಿಗಳಲ್ಲಿಯೂ, ಹಾಸನ, ಹೊಳೆನರಸೀಪುರ, ಅರಕಲಗೂಡುಗಳ ಸೀಮೆಯಲ್ಲಿಯೂ ಈಗ ದಿನಕ್ಕೆರಡು ಹೊತ್ತು ಹಾಲಿನ ಲೆಕ್ಕ ನಡೆಯುತ್ತಿರುವುದು. ೧೯೭೪ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಹೈನುಗಾರಿಕೆಯ ಯೋಜನೆ ಈ ರಾಜ್ಯದಲ್ಲಿ ಆರಂಭವಾದಾಗ ಅದರ ತೆಕ್ಕೆಗೆ ಬಂದ ಜಿಲ್ಲೆಗಳಲ್ಲಿ ಹಾಸನವೂ ಒಂದು. ಹಳ್ಳಿಗೊಂದು ಉತ್ಪಾದಕರ ಸಂಘ, ಅವುಗಳ ಮೇಲೊಂದು ಒಕ್ಕೂಟ, ಒಕ್ಕೂಟಗಳ ಮೇಲೆ ೧೯೮೪ರಲ್ಲಿ ರೂಪುಗೊಂಡ ಮಹಾಮಂಡಲ: ಹೀಗೆ ಮೂರು ಅಂತಸ್ತುಗಳು. ಈ ವ್ಯಾಪಾರದ ಒಡೆಯರು ಹಾಲು ಕರೆಯುವವರೇ. ಇಂತಹ ಸಂಘದಲ್ಲಿ ಬಹುಕಾಲ ಲೆಕ್ಕವಿದ್ದದ್ದು ಕಾರ್ಯದರ್ಶಿಯ ದಪ್ಪ ಪುಸ್ತಕದಲ್ಲಿ ಮತ್ತು ಸದಸ್ಯರ ಕೈಯಲ್ಲಿದ್ದ ಪಾಸ್ ಪುಸ್ತಕದಲ್ಲಿ. ಈಗ ಬಹಳ ಹಳ್ಳಿಗಳಲ್ಲಿ ಆ ಸ್ಥಾನಕ್ಕೆ ತೂಕದ ಯಂತ್ರವೂ, ಹಾಲಿನ ಗುಣವನ್ನು ಕ್ಷಣಮಾತ್ರದಲ್ಲಿ ಹೇಳುವ ಪರೀಕ್ಷಾಯಂತ್ರವೂ, ಅವೆರಡನ್ನೂ ಕೂಡಿಸಿ ಬರೆದಿಡುವ ಗಣಕಯಂತ್ರವೂ ಬಂದಿರುವುವು. ಕೂಗಳತೆಯಲ್ಲಿ ನಿಂತವರಿಗೂ ಕಾಣುವಂತೆ ಕೆಂಪಂಕಿ ಮೂಡುತ್ತದೆ. ಸಣ್ಣದೊಂದು ಚೀಟಿ ಹೊರಬರುತ್ತದೆ. ಹಣ ಬ್ಯಾಂಕಿನ ಖಾತೆಗೆ ಹೋಗುತ್ತದೆ. ದೊಡ್ಡ ದೊಡ್ಡ ವ್ಯಾಪಾರಸಂಸ್ಥೆಗಳವರು 'ಡಿಜಿಟಲ್ ಪರಿವರ್ತನೆ' ಎಂಬ ಭಾರಿಯ ಹೆಸರಿನಿಂದ ಕರೆಯುವ ಕಾರ್ಯವು ಹಳ್ಳಿಯ ಡೇರಿಯ ಜಗಲಿಯ ಮೇಲೆ ಹೀಗೆ ಸದ್ದಿಲ್ಲದೆ ನಡೆದುಹೋಗಿದೆ.

ಈ ಪರಿವರ್ತನೆ ಯಾವಾಗ ಸಫಲವಾಯಿತೆಂದು ಹೇಳಬಹುದು? ವೇಗ ಹೆಚ್ಚಿದಾಗಲೋ, ಖರ್ಚು ತಗ್ಗಿದಾಗಲೋ, ಲೆಕ್ಕ ತಪ್ಪಿಲ್ಲದೆ ಕೂಡಿಬಂದಾಗಲೋ? ಅಥವಾ ಇವೆಲ್ಲ ಆದಮೇಲೆಯೂ ಕೇಳತಕ್ಕ ಬೇರೊಂದು ಪ್ರಶ್ನೆ ಉಳಿಯುವುದೋ?

ಹಳೆಯ ಕ್ರಮವನ್ನು ಮೊದಲು ಇದ್ದುದಿದ್ದಂತೆ ನೋಡುವುದು ನ್ಯಾಯ. ಹಳೆಯದನ್ನೆಲ್ಲ ಸತ್ಯಯುಗವೆಂದು ಹೊಗಳುವ ಚಾಳಿ ವಿದ್ಯಾವಂತರಲ್ಲಿ ಉಂಟು. ಹಾಲು ಹಾಕಿದವರಲ್ಲಿ ಅದು ಅಷ್ಟಾಗಿ ಕಾಣದು. ಹಾಲನ್ನು ಅಳೆಯುತ್ತಿದ್ದುದು ಲೀಟರಿನ ಪಾತ್ರೆಯಿಂದ. ಆಗತಾನೆ ಕರೆದು ತಂದ ಹಾಲಿನಲ್ಲಿ ನೊರೆ. ನೊರೆ ಇಳಿಯುವವರೆಗೆ ಕಾಯುವಷ್ಟು ವ್ಯವಧಾನ ಹಿಂದೆ ಸಾಲುಗಟ್ಟಿ ನಿಂತವರಿಗಿಲ್ಲ. ಪಾತ್ರೆಯ ಕಂಠ ಮೀರಿ ಹರಿದದ್ದು ಸಂಘದ ಕ್ಯಾನಿಗೆ. ಕಂಠಕ್ಕಿಂತ ಕೆಳಗೆ ನಿಂತದ್ದು ಸದಸ್ಯನ ನಷ್ಟಕ್ಕೆ. ಪರೀಕ್ಷೆಗೆಂದು ಪ್ರತಿಯೊಬ್ಬರ ಹಾಲಿನಿಂದ ಸ್ವಲ್ಪ ತೆಗೆಯುತ್ತಿದ್ದರು. ಈ 'ಸ್ಯಾಂಪಲ್ ಹಾಲು' ಹಿಂದಿರುಗಿ ಬರುತ್ತಿರಲಿಲ್ಲ. ಒಬ್ಬೊಬ್ಬರಿಂದ ೫೦ ಮಿಲಿಲೀಟರ್ ತೆಗೆದರೂ, ೧೫೦ ಮಂದಿ ಹಾಲು ಹಾಕುವ ಸಂಘದಲ್ಲಿ ಹೊತ್ತಿಗೆ ಏಳೂವರೆ ಲೀಟರು, ದಿನಕ್ಕೆ ೧೫ ಲೀಟರು ಆಯಿತು. ಅದು ಸಂಘದ ಆದಾಯಕ್ಕೆ ಜಮೆಯಾದರೆ ಧರ್ಮ. ಬೇರೆಲ್ಲಿಯಾದರೂ ಹೋದರೆ ಕೇಳುವವರಾರು?

ಗುಣದ ಪರೀಕ್ಷೆಯಂತೂ ಇನ್ನೂ ಸೂಕ್ಷ್ಮವಾದುದು. ಹಾಲು ನೀರುಗಳನ್ನು ಬೇರ್ಪಡಿಸುವ ಹಂಸದ ಕಥೆಯನ್ನು ಎಲ್ಲರೂ ಬಲ್ಲರು. ಡೇರಿಗಳಲ್ಲಿ ಆ ಹಂಸದ ಕೆಲಸವನ್ನು ಮಾಡುತ್ತಿದ್ದುದು ಲ್ಯಾಕ್ಟೋಮೀಟರೆಂಬ ಗಾಜಿನ ಬುಡ್ಡಿ. 'ಡಿಗ್ರಿ ಬರಲಿಲ್ಲ' ಎಂಬ ಎರಡು ಪದಗಳಲ್ಲಿ ಒಂದು ಮನೆಯ ಬೆಳಗಿನ ದುಡಿಮೆ ತಿರಸ್ಕೃತವಾಗುತ್ತಿತ್ತು. ಬೆಣ್ಣೆಯಂಶವನ್ನು ತಿಳಿಯಲು ಸ್ವಿಟ್ಸರ್ಲೆಂಡಿನ ಗರ್ಬರ್ ಎಂಬ ರಸಾಯನಜ್ಞನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕಂಡುಹಿಡಿದ ವಿಧಾನವಿತ್ತು: ಗಂಧಕಾಮ್ಲದೊಡನೆ ಹಾಲನ್ನು ಬೆರೆಸಿ, ಗಾಜಿನ ನಳಿಗೆಯನ್ನು ಗಿರಗಿರನೆ ತಿರುಗಿಸಿ, ಮೇಲೆ ತೇಲಿದ ಕೊಬ್ಬಿನ ಗೀಟನ್ನು ಓದುವುದು. ಓದುವ ಕಣ್ಣು ಮನುಷ್ಯನದು. ಗೀಟು ನಾಲ್ಕಕ್ಕೆ ಸ್ವಲ್ಪ ಕೆಳಗಿದೆಯೋ, ನಾಲ್ಕೇ ಆಗಿದೆಯೋ ಎಂಬ ನಿರ್ಣಯದಲ್ಲಿ ಬಂಧುತ್ವ, ಜಾತಿ, ಪಂಚಾಯಿತಿ ಚುನಾವಣೆಯ ನೆನಪು, ಎಲ್ಲಕ್ಕೂ ಎಡೆಯಿತ್ತು.

ಇಷ್ಟನ್ನು ಹೇಳಿ ನಿಲ್ಲಿಸಿದರೆ ಅರ್ಧ ಹೇಳಿದಂತೆ. ಅದೇ ಕಣ್ಣಿನಲ್ಲಿ ದಾಕ್ಷಿಣ್ಯವೂ ಇತ್ತು. ಗಂಡನನ್ನು ಹಾಸನದ ಆಸ್ಪತ್ರೆಗೆ ಸೇರಿಸಿ ಬಂದ ಹೆಂಗಸಿಗೆ ಬಟವಾಡೆಯ ದಿನಕ್ಕೆ ಮುಂಚೆಯೇ ನೂರು ರೂಪಾಯಿ ಕೊಟ್ಟು, ಪುಸ್ತಕದ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಗುರುತು ಹಾಕಿಕೊಂಡವನು ಅದೇ ಕಾರ್ಯದರ್ಶಿ. ಮಳೆಯಲ್ಲಿ ನೆನೆದು ಹತ್ತು ನಿಮಿಷ ತಡವಾಗಿ ಬಂದ ಮುದುಕಿಗಾಗಿ ಕಟ್ಟಿದ ಕ್ಯಾನಿನ ಮುಚ್ಚಳವನ್ನು ಮತ್ತೆ ತೆಗೆದವನೂ ಅವನೇ. ಬೇಸಗೆಯಲ್ಲಿ ಹಸಿರು ಮೇವಿಲ್ಲದೆ ಹಸುವಿನ ಹಾಲು ತೆಳುವಾದಾಗ, ಈಕೆ ನೀರು ಬೆರೆಸುವವಳಲ್ಲವೆಂದು ತಿಳಿದು ಡಿಗ್ರಿಯ ವಿಷಯದಲ್ಲಿ ಕಣ್ಣುಮುಚ್ಚಿದವನೂ ಅವನೇ. ಕಳವೂ ಕರುಣೆಯೂ ಒಂದೇ ಕೈಯಲ್ಲಿ ವಾಸವಾಗಿದ್ದುವು. ವಿವೇಚನೆಯ ಅಧಿಕಾರ ಎಲ್ಲಿರುವುದೋ ಅಲ್ಲಿ ಇವೆರಡೂ ಇರುವುವು. ಒಂದನ್ನು ಹೊರಗಟ್ಟಲು ಬಾಗಿಲು ಹಾಕಿದರೆ ಇನ್ನೊಂದೂ ಹೊರಗೇ ಉಳಿಯುವುದು. ಯಂತ್ರ ತಂದ ಪ್ರಶ್ನೆಯ ಕಗ್ಗಂಟು ಇಲ್ಲಿದೆ.

ಸಫಲತೆಗೆ ಬೇಕಾದ ಅಂಗಗಳಾವುವೆಂದು ಬಲ್ಲವರನ್ನು ಕೇಳಿದರೆ, ಮುಖ್ಯಸ್ಥರ ದೃಢಸಂಕಲ್ಪ, ನೌಕರರಿಗೆ ಶಿಕ್ಷಣ, ಸಾಕಷ್ಟು ಹಣ, ತಕ್ಕ ಯಂತ್ರ ಎಂದು ಎಣಿಸಿ ಹೇಳುವರು. ಇವೆಲ್ಲ ಬೇಕಾದುವೇ, ಕರೆಂಟು ಬೇಕೆಂಬುದೂ ಅಷ್ಟೇ ನಿಜ. ೨೦೨೨ರ ಜೂನ್ ತಿಂಗಳಲ್ಲಿ ಕೇಂದ್ರ ಸರ್ಕಾರವು ದೇಶದ ೬೩,೦೦೦ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಗೆ ಗಣಕಯಂತ್ರ ಒದಗಿಸಲು ೨,೫೧೬ ಕೋಟಿ ರೂಪಾಯಿಗಳ ಯೋಜನೆಯನ್ನು ಮಂಜೂರು ಮಾಡಿದಾಗ, ಹಣದ ಮಾತು ಬಹುಮಟ್ಟಿಗೆ ಮುಗಿಯಿತು. ಆದರೆ ೧೯೦೫ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಮೊದಲ ಸಹಕಾರ ಸಂಘವನ್ನು ಕಟ್ಟಿದಾಗ ಅವರ ಬಳಿ ಹಣವೂ ಇರಲಿಲ್ಲ, ಯಂತ್ರವೂ ಇರಲಿಲ್ಲ; ಇದ್ದದ್ದು ಒಬ್ಬರ ಲೆಕ್ಕವನ್ನು ಒಬ್ಬರು ಕೇಳಬಹುದೆಂಬ ಒಪ್ಪಂದ. ಅದು ಸಾಧನವಲ್ಲ, ಸಂಬಂಧ. ಸಾಧನ ಬದಲಾದಾಗ ಆ ಸಂಬಂಧ ಏನಾಯಿತೆಂಬುದನ್ನು ಯಾರೂ ವರದಿಯಲ್ಲಿ ಬರೆಯುವುದಿಲ್ಲ.

ಈ ರಾಜ್ಯದಲ್ಲಿಯೇ ನಡೆದ ಒಂದು ದೊಡ್ಡ ದೃಷ್ಟಾಂತ 'ಭೂಮಿ'. ಅದು ವ್ಯಾಪಾರಸಂಸ್ಥೆಯದಲ್ಲ, ಸರ್ಕಾರದ ಕಾರ್ಯ. ಆದರೂ ಲೆಕ್ಕ ಕಾಗದದಿಂದ ಯಂತ್ರಕ್ಕೆ ಹೋದಾಗ ಏನಾಗುವುದೆಂಬುದಕ್ಕೆ ಅದಕ್ಕಿಂತ ಸ್ಪಷ್ಟವಾದ ಪಾಠ ಹತ್ತಿರದಲ್ಲಿಲ್ಲ. ೧೯೬೧ರ ಶಾಸನದಿಂದ ವಂಶಪಾರಂಪರ್ಯದ ಶಾನುಭೋಗಿಕೆ ರದ್ದಾಗಿ ಗ್ರಾಮಲೆಕ್ಕಿಗರು ಬಂದರು. ಪುಸ್ತಕ ಮಾತ್ರ ಮೊದಲಿನಂತೆಯೇ ಒಬ್ಬರ ಬಗಲಿನಲ್ಲಿ ಉಳಿಯಿತು. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ ಪ್ರಯೋಗ ಮಾಡಿ, ಶತಮಾನ ತಿರುಗುವ ಹೊತ್ತಿಗೆ ರಾಜ್ಯದ ಎಲ್ಲಾ ತಾಲ್ಲೂಕುಗಳಿಗೂ ಹಬ್ಬಿಸಿದ ಆ ಯೋಜನೆಯಲ್ಲಿ ಸುಮಾರು ಎರಡು ಕೋಟಿ ಪಹಣಿಗಳು ಯಂತ್ರವನ್ನು ಸೇರಿದುವು. ಹೊಳೆನರಸೀಪುರದ ರೈತನೂ ಅರಕಲಗೂಡಿನ ರೈತನೂ ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ ೧೫ ರೂಪಾಯಿ ಕೊಟ್ಟು ಪಹಣಿ ಪಡೆಯುವಂತಾಯಿತು. ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ ನಡೆಸಿದ ಪರಿಶೀಲನೆಯಲ್ಲಿ, ಹಳೆಯ ಕ್ರಮದಲ್ಲಿ ಲಂಚ ಕೊಡಬೇಕಾಯಿತೆಂದವರು ನೂರಕ್ಕೆ ೬೬ ಮಂದಿ. ಹೊಸ ಕಿಂಡಿಯಲ್ಲಿ ಕೊಟ್ಟವರು ಮೂವರು.

ಇದು ಹೇಗಾಯಿತು? ಯಂತ್ರ ಬಂದುದರಿಂದ ಎಂದು ಹೇಳುವುದು ಅಷ್ಟು ಸರಿಯಲ್ಲ. ಕಿಂಡಿ ತೆರೆದ ತಾಲ್ಲೂಕಿನಲ್ಲಿ ಕೈಬರಹದ ಪಹಣಿಗೆ ಕಾನೂನಿನ ಬೆಲೆ ಇಲ್ಲವೆಂದು ಸಾರಿದರು, ಅದರಿಂದ ಆಯಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ವಿಚಾರಿಸಬೇಕೆಂದೂ, ತಿದ್ದಿದ ನೌಕರನ ಬೆರಳಚ್ಚು ಯಂತ್ರದಲ್ಲಿ ಉಳಿಯಬೇಕೆಂದೂ ಕಟ್ಟು ಮಾಡಿದರು, ಅದರಿಂದ ಆಯಿತು. ಹಳೆಯ ಬಾಗಿಲು ತೆರೆದೇ ಇದ್ದು ಪಕ್ಕದಲ್ಲಿ ಹೊಸ ಬಾಗಿಲನ್ನಿಟ್ಟಿದ್ದರೆ, ಬಡವನು ಎರಡು ಬಾಗಿಲಲ್ಲಿಯೂ ಕಾಣಿಕೆ ಸಲ್ಲಿಸಬೇಕಾಗುತ್ತಿತ್ತು. ಪುಸ್ತಕದಲ್ಲಿ ಒಂದು ಲೆಕ್ಕ, ಯಂತ್ರದಲ್ಲಿ ಒಂದು ಲೆಕ್ಕ ಇಟ್ಟುಕೊಂಡು ವರ್ಷಗಟ್ಟಲೆ ನಡೆಯುವ ಸಂಸ್ಥೆಗಳನ್ನು ಕಂಡವರಿಗೆ ಇದರ ಅರ್ಥ ಬೇಗ ಹೊಳೆಯುವುದು.

ಆದರೂ ಪುಸ್ತಕದಲ್ಲಿದ್ದ ತಪ್ಪು ಯಂತ್ರಕ್ಕೆ ತಪ್ಪಾಗಿಯೇ ಹೋಯಿತು. ತಾತನ ಹೆಸರಿನ ಒಂದು ಅಕ್ಷರ, ಗುಂಟೆಯ ಒಂದು ಅಂಕಿ, ಸತ್ತವನ ಹೆಸರಿನಲ್ಲಿಯೇ ಉಳಿದ ಜಮೀನು. ಹಳ್ಳಿಯಲ್ಲಿದ್ದಾಗ ಇವು ಎಲ್ಲರಿಗೂ ತಿಳಿದ ತಪ್ಪುಗಳಾಗಿದ್ದುವು. ಯಾರೂ ಅವುಗಳಿಂದ ಮೋಸಹೋಗುತ್ತಿರಲಿಲ್ಲ. ಯಂತ್ರವನ್ನು ಸೇರಿದ ಮೇಲೆ ಅವೇ ಪ್ರಮಾಣವಾದುವು. ಊರಿಗೆ ತಿಳಿದ ಸತ್ಯವು ತಾಲ್ಲೂಕು ಕಚೇರಿಯಲ್ಲಿ ಅರ್ಜಿದಾರನಾಗಿ ಸಾಲಿನಲ್ಲಿ ನಿಲ್ಲಬೇಕಾಯಿತು. ಅಧಿಕಾರವು ಹಳ್ಳಿಯಿಂದ ತಾಲ್ಲೂಕಿಗೆ ಸರಿದುದರಿಂದ ಸಣ್ಣವನಿಗಿಂತ ದೊಡ್ಡ ಖರೀದಿದಾರನಿಗೇ ಅನುಕೂಲವಾಯಿತೆಂದು ೨೦೦೭ರಲ್ಲಿ ಸೊಲೊಮನ್ ಬೆಂಜಮಿನ್ ಮೊದಲಾದ ಸಂಶೋಧಕರು ವಾದಿಸಿದರು. ಅವರ ವಾದವೆಲ್ಲವನ್ನೂ ಒಪ್ಪಬೇಕಾದುದಿಲ್ಲ. ೬೬ ಮೂರಕ್ಕೆ ಇಳಿದುದು ಸಣ್ಣ ಮಾತಲ್ಲ. ಆದರೆ ಲಂಚ ತಪ್ಪಿದ ಮಾತ್ರಕ್ಕೆ ನ್ಯಾಯ ದೊರೆಯಿತೆಂದು ಎಣಿಸುವುದೂ ಸಲ್ಲದು.

ಅರಕಲಗೂಡಿನ ತಾಲ್ಲೂಕಿನ ರಾಮನಾಥಪುರದಲ್ಲಿ, ಕಾವೇರಿಯ ದಡದ ಊರಿನಲ್ಲಿ, ಹೊಗೆಸೊಪ್ಪಿನ ಹರಾಜು ನಡೆಯುವುದು. ತಂಬಾಕು ಮಂಡಳಿಯು ಕರ್ನಾಟಕದಲ್ಲಿ ೧೯೮೪ರಿಂದ ಹರಾಜಿನ ಪದ್ಧತಿಯನ್ನು ತಂದಿತು. ಬೇಲುಗಳ ಸಾಲಿನ ಉದ್ದಕ್ಕೂ ಹರಾಜುಗಾರನೂ ಕೊಳ್ಳುವವರೂ ನಡೆಯುತ್ತ, ಬೆರಳ ಸನ್ನೆ ಕಣ್ಸನ್ನೆಗಳಲ್ಲಿ ಬೆಲೆ ಏರಿಸುತ್ತಿದ್ದ ಕಾಲ ಹೋಗಿ, ಕೈಯಲ್ಲಿ ಹಿಡಿದ ಯಂತ್ರದಿಂದ ಬೆಲೆ ಕೂಗುವ ಕಾಲ ೨೦೧೦ರ ದಶಕದಲ್ಲಿ ಬಂದಿತು. ಸನ್ನೆಗಳ ಸಂಚು ಮುರಿಯಿತು. ಬೆಲೆ ಒಪ್ಪಿಗೆಯಾಗದಿದ್ದರೆ ಬೇಲನ್ನು ಹಿಂದಕ್ಕೆ ಒಯ್ಯುವ ಹಕ್ಕು ಬೆಳೆಗಾರನಿಗೆ ಹಿಂದೆಯೂ ಇತ್ತು, ಈಗಲೂ ಉಂಟು. ಆದರೆ ಮನೆಯಲ್ಲಿ ಸಾಲ ಕಾಯುತ್ತಿರುವಾಗ ಆ ಹಕ್ಕನ್ನು ಚಲಾಯಿಸುವ ಧೈರ್ಯವನ್ನು ಯಂತ್ರ ಕೊಡಲಾರದು. ಚನ್ನರಾಯಪಟ್ಟಣದ ಕಡೆಯ ತೆಂಗಿನವರು ಬಲ್ಲ ಇನ್ನೊಂದು ಸಂಗತಿ: ೨೦೨೪ರ ಆರಂಭದಲ್ಲಿ ಬೆಂಬಲಬೆಲೆಗೆ ಉಂಡೆಕೊಬ್ಬರಿ ಕೊಳ್ಳಲು ಹೆಸರು ನೋಂದಾಯಿಸಿದಾಗ, ಕೆಲವೇ ದಿನಗಳಲ್ಲಿ ನೋಂದಣಿ ಭರ್ತಿಯಾಗಿ, ಅಕ್ರಮದ ದೂರುಗಳೆದ್ದು, ಎಲ್ಲವನ್ನೂ ರದ್ದುಮಾಡಿ ಮತ್ತೆ ಮೊದಲಿನಿಂದ ಬರೆಯಬೇಕಾಯಿತು. ಯಂತ್ರದ ಮುಂದೆ ಮೋಸ ನಡೆಯದೆಂಬ ನಂಬಿಕೆಗೆ ಇಷ್ಟು ಸಾಕು.

ಮೋಸವಾದರೂ ಒಂದು ದಿನ ಸಿಕ್ಕಿಬೀಳಬಹುದು. ಯಾರ ಮೋಸವೂ ಇಲ್ಲದೆ ಯಂತ್ರವೇ ತಪ್ಪಿದಾಗ ಏನು ಗತಿ? ಇದಕ್ಕೆ ಉತ್ತರ ಇಂಗ್ಲೆಂಡಿನ ಅಂಚೆ ಇಲಾಖೆಯ ಕಥೆಯಲ್ಲಿದೆ. ಡೇರಿಯ ಕಾರ್ಯದರ್ಶಿಯಾದ ಯಾರೇ ಆಗಲಿ ಅದನ್ನು ಓದಿದರೆ ತನ್ನ ನೆರೆಯವನ ಕಥೆಯೆಂದೇ ತಿಳಿಯುವನು. ಆ ದೇಶದ ಹಳ್ಳಿಗಳಲ್ಲಿ ಸಣ್ಣ ಅಂಗಡಿಯೊಡನೆ ಅಂಚೆಯ ವ್ಯವಹಾರವನ್ನೂ ನಡೆಸುವವರುಂಟು. ಊರಿಗೆಲ್ಲ ಪರಿಚಿತರು, ನಂಬಿಕಸ್ಥರು. ೧೯೯೯ರಲ್ಲಿ ಅವರಿಗೆ 'ಹೊರೈಜನ್' ಎಂಬ ಲೆಕ್ಕದ ಯಂತ್ರವ್ಯವಸ್ಥೆಯನ್ನು ಕೊಟ್ಟರು. ಕೆಲವರ ಲೆಕ್ಕದಲ್ಲಿ ಸಂಜೆಯಾಗುತ್ತಲೇ ಹಣ ಕಡಿಮೆ ತೋರತೊಡಗಿತು. ಎಣಿಸಿದರೂ ಕಡಿಮೆ, ಮತ್ತೆ ಎಣಿಸಿದರೂ ಕಡಿಮೆ. ಕರಾರಿನ ಪ್ರಕಾರ ಕೊರತೆಯನ್ನು ತುಂಬಬೇಕಾದವರು ಅವರೇ. ಮನೆ ಅಡವಿಟ್ಟು ತುಂಬಿದರು. ಸಾಲ ಮಾಡಿ ತುಂಬಿದರು. ಸಹಾಯ ಕೇಳಿದವರಲ್ಲಿ ಅನೇಕರಿಗೆ, ಇಂತಹ ತೊಂದರೆ ನಿಮಗೊಬ್ಬರಿಗೇ ಬಂದಿರುವುದೆಂಬ ಉತ್ತರ ದೊರೆಯಿತು. ೧೯೯೯ರಿಂದ ೨೦೧೫ರವರೆಗೆ ಒಂಬೈನೂರಕ್ಕೂ ಮಿಕ್ಕ ಮಂದಿ ಅಪರಾಧಿಗಳೆನಿಸಿದರು. ಕೆಲವರು ಸೆರೆಮನೆ ಕಂಡರು. ಊರವರು ಮುಖ ನೋಡದಾದರು. ೨೦೧೯ರ ಕೊನೆಯಲ್ಲಿ ಅಲ್ಲಿಯ ಉಚ್ಚ ನ್ಯಾಯಾಲಯವು ಆ ವ್ಯವಸ್ಥೆಯಲ್ಲಿ ದೋಷಗಳಿದ್ದುವೆಂದು ತೀರ್ಪಿತ್ತಿತು. ೨೦೨೧ರಲ್ಲಿ ೩೯ ಮಂದಿಯ ಶಿಕ್ಷೆ ಒಂದೇ ದಿನ ರದ್ದಾಯಿತು. ೨೦೨೪ರಲ್ಲಿ ಉಳಿದವರ ಬಿಡುಗಡೆಗೆ ಪಾರ್ಲಿಮೆಂಟೇ ಶಾಸನ ಮಾಡಬೇಕಾಯಿತು.

ಇಲ್ಲಿ ಅತ್ಯಂತ ವಿಚಾರಾರ್ಹವಾದುದು ಯಂತ್ರದ ದೋಷವಲ್ಲ. ದೋಷವಿಲ್ಲದ ಯಂತ್ರ ಯಾವುದು? ಯಂತ್ರವು ಸರಿಯಾಗಿ ನಡೆಯುತ್ತಿತ್ತೆಂದೇ ನ್ಯಾಯಾಲಯಗಳು ಮೊದಲು ಭಾವಿಸತಕ್ಕದ್ದೆಂಬ ನಿಯಮ ಆ ದೇಶದಲ್ಲಿತ್ತು. ಅದು ತಪ್ಪಿತೆಂದು ತೋರಿಸಬೇಕಾದ ಭಾರ ಅಂಗಡಿಯವನ ತಲೆಯ ಮೇಲೆ. ತೋರಿಸಲು ಬೇಕಾದ ಒಳಗಿನ ದಾಖಲೆಗಳು ಅವನ ಎದುರಾಳಿಯ ಕೈಯಲ್ಲಿ. ಇಪ್ಪತ್ತು ವರ್ಷ ಒಂದೇ ಊರಿನಲ್ಲಿ ನಿಯತ್ತಿನಿಂದ ಬಾಳಿದ ಮನುಷ್ಯನ ಮಾತಿಗೂ, ನಿನ್ನೆ ಬಂದ ಪೆಟ್ಟಿಗೆಯ ಅಂಕಿಗೂ ತೂಕ ಹಾಕಿದಾಗ ಪೆಟ್ಟಿಗೆ ಗೆದ್ದಿತು. ದೊಡ್ಡ ಸಂಸ್ಥೆಗೆ ಅದು ಅನುಕೂಲವೂ ಆಗಿತ್ತು. ಯಂತ್ರವನ್ನು ಅನುಮಾನಿಸಿದರೆ ಅದಕ್ಕೆ ಸುರಿದ ಹಣವನ್ನೂ, ಅದನ್ನು ಆರಿಸಿದವರ ಬುದ್ಧಿಯನ್ನೂ ಅನುಮಾನಿಸಬೇಕಾಗುತ್ತಿತ್ತು.

ಈಗ ಡೇರಿಯ ಜಗಲಿಗೆ ಹಿಂದಿರುಗಬಹುದು. ಅಜ್ಜಿಯೊಬ್ಬಳು ಕೆಂಪಂಕಿಯನ್ನು ನೋಡಿ ಕೇಳುತ್ತಾಳೆ: "ಏನಪ್ಪಾ, ನೆನ್ನೆನೂ ಇದೇ ಹಸು, ಇದೇ ಮೇವು. ಇವತ್ತ್ಯಾಕೆ ಫ್ಯಾಟು ಕಮ್ಮಿ ಬಂತು?" ಕಾರ್ಯದರ್ಶಿ ಹೇಳುತ್ತಾನೆ: "ಮಿಷನ್ ತೋರ್ಸಿದ್ದು ಕಣಜ್ಜಿ, ನಂದೇನೂ ಇಲ್ಲ." ಅವನ ಮಾತು ನಿಜ. ಅವನ ಕೈ ಶುದ್ಧವಾಗಿದೆ. ಆದರೆ ಮೊದಲು ಅವಳಿಗೆ ಜಗಳವಾಡಲು ಒಬ್ಬ ಮನುಷ್ಯನಿದ್ದನು. ಅವನ ಮನೆ ಅವಳಿಗೆ ಗೊತ್ತಿತ್ತು, ಅವನ ತಾಯಿ ಗೊತ್ತಿದ್ದಳು. ನಾಲ್ಕು ಜನರ ಮುಂದೆ "ನಿನ್ನ ಅಳತೆ ಸರಿಯಿಲ್ಲ" ಎಂದು ಅನ್ನಬಹುದಾಗಿತ್ತು. ಈಗ ಬೈದರೆ ಕೇಳುವವರಿಲ್ಲ. ಅವಳ ಸಂಶಯ ಹೋಗಲಿಲ್ಲ. ಸಂಶಯಕ್ಕೆ ವಿಳಾಸ ಇಲ್ಲದಂತಾಯಿತು.

ಸಂಶಯ ಅಕಾರಣವೂ ಅಲ್ಲ. ಒಂದು ಲೀಟರ್ ಹಾಲಿನ ತೂಕ ಸುಮಾರು ೧.೦೩ ಕಿಲೋಗ್ರಾಂ. ಯಂತ್ರವು ಕಿಲೋಗ್ರಾಮಿನಲ್ಲಿ ತೂಗಿ, ಒಳಗಿಟ್ಟ ಒಂದು ಅಂಕಿಯಿಂದ ಭಾಗಿಸಿ ಲೀಟರು ಹೇಳುವುದು. ಆ ಅಂಕಿಯಲ್ಲಿ ಎಳ್ಳಷ್ಟು ವ್ಯತ್ಯಾಸವಾದರೂ ಎಲ್ಲಾ ಸದಸ್ಯರಿಗೂ, ಎರಡೂ ಹೊತ್ತು, ವರ್ಷವೆಲ್ಲ, ಸಮನಾಗಿ ವ್ಯತ್ಯಾಸವಾಗುವುದು. ಪರೀಕ್ಷಾಯಂತ್ರವನ್ನು ದಿನವೂ ತೊಳೆಯದಿದ್ದರೆ, ಕಾಲಕಾಲಕ್ಕೆ ಅದರ ಅಂಕಿಯನ್ನು ನಿಜವಾದ ಪರೀಕ್ಷೆಯೊಡನೆ ಹೋಲಿಸಿ ಸರಿಪಡಿಸದಿದ್ದರೆ ಅದೂ ತಪ್ಪು ಹೇಳುವುದು. ಹಳೆಯ ಅಳತೆಪಾತ್ರೆಯ ತಗ್ಗನ್ನು ಸಾಲಿನಲ್ಲಿ ನಿಂತ ಮಗುವೂ ಕಾಣುತ್ತಿತ್ತು. ಇದನ್ನು ಕಾಣುವ ಕಣ್ಣು ಹಳ್ಳಿಯಲ್ಲಿಲ್ಲ. ೧೯೫೭ರ ಏಪ್ರಿಲಿನಲ್ಲಿ ಆಣೆ ಹೋಗಿ ನಯಾಪೈಸೆ ಬಂದಾಗಲೂ ಇಂತಹ ಒಂದು ತೊಡಕಿತ್ತು. ಒಂದಾಣೆಗೆ ಸರಿಯಾಗಿ ಆರೂಕಾಲು ಪೈಸೆ. ಕಾಲು ಪೈಸೆಯ ನಾಣ್ಯವಿಲ್ಲದುದರಿಂದ ಒಂದಾಣೆಗೆ ಆರು, ಎರಡಾಣೆಗೆ ಹನ್ನೆರಡು, ಮೂರಾಣೆಗೆ ಹತ್ತೊಂಬತ್ತು ಎಂದು ಕಟ್ಟುಮಾಡಿದರು. ಆ ಪಟ್ಟಿಯನ್ನು ಎಲ್ಲರಿಗೂ ತಿಳಿಯುವಂತೆ ಸಾರಿದ್ದರು. ಕಾಲು ಪೈಸೆ ಎಲ್ಲಿ ಹೋಯಿತೆಂಬುದನ್ನು ಲೆಕ್ಕ ಬಲ್ಲ ಹುಡುಗನೂ ಹೇಳಬಹುದಾಗಿತ್ತು. ಈಗಿನ ಯಂತ್ರದೊಳಗೆ ಹನಿಗಳ ಕಾಲು ಪೈಸೆ ಯಾವ ಕಡೆಗೆ ಹೋಗುತ್ತದೆಂದು ಸದಸ್ಯರಿಗೆ ಸಾರಿದ ಸಂಘಗಳೆಷ್ಟು?

ಕಾರ್ಯದರ್ಶಿಯ ಪಾಡೂ ಸುಖದ್ದಲ್ಲ. ಹಳ್ಳಿಯಲ್ಲಿ ಒಬ್ಬೊಬ್ಬರ ಹಾಲಿಗೆ ಬಂದ ಅಂಕಿಯ ಮೇಲೆ ಅವನು ಹಣ ಕೊಡಬೇಕು. ಆ ಹಾಲೆಲ್ಲ ಒಟ್ಟಾಗಿ ಶೀತಲೀಕರಣದ ಘಟಕಕ್ಕೆ ಹೋದಾಗ ಅಲ್ಲಿಯ ಯಂತ್ರ ಹೇಳುವ ಅಂಕಿಯ ಮೇಲೆ ಸಂಘಕ್ಕೆ ಹಣ ಬರುವುದು. ಎರಡು ಯಂತ್ರಗಳು ಒಂದೇ ಹಾಲಿಗೆ ಎರಡು ಮಾತು ಹೇಳಿದರೆ ನಡುವಿನ ಕೊರತೆ ಸಂಘದ್ದು. ಸಂಘದಲ್ಲಿ ಎಲ್ಲರ ಕಣ್ಣೂ ಹೋಗುವುದು ಒಬ್ಬನ ಕಡೆಗೆ. ಇಂಗ್ಲೆಂಡಿನ ಅಂಗಡಿಯವನಿಗೂ ಅವನಿಗೂ ಇರುವ ದೂರ ಸಮುದ್ರದ ದೂರವೇ ಹೊರತು ಬೇರೆಯಲ್ಲ.

ಯಂತ್ರ ಬೇಡವೆಂದು ಇದರಿಂದ ಏರ್ಪಡುವುದಿಲ್ಲ. ಅಳತೆಪಾತ್ರೆಯ ನೊರೆಗೆ ಮರಳಬೇಕೆನ್ನುವವರು ನೊರೆಯನ್ನು ಮಾರಿದವರಿರಬೇಕು. ಆದರೆ ಅಧಿಕಾರವನ್ನು ಮನುಷ್ಯನಿಂದ ತೆಗೆದು ಯಂತ್ರಕ್ಕೆ ಕೊಡುವಾಗ ಹೊಣೆಯನ್ನೂ ಯಂತ್ರಕ್ಕೆ ಕೊಟ್ಟೆವೆಂದು ತಿಳಿಯುವುದು ಆತ್ಮವಂಚನೆ. ಯಂತ್ರವು ಲೆಕ್ಕ ಮಾಡಬಲ್ಲುದು, ಲೆಕ್ಕ ಒಪ್ಪಿಸಲಾರದು. ಒಪ್ಪಿಸುವುದೆಂದರೆ ಎದುರು ನಿಂತವನು "ಇದು ಹೇಗೆ?" ಎಂದಾಗ ಉತ್ತರ ಕೊಡುವುದು, ಉತ್ತರ ತಪ್ಪಾದರೆ ನಷ್ಟವನ್ನು ಹೊರುವುದು. ಆ ನಷ್ಟ ಹೊರುವವರು ಯಾರೆಂಬುದನ್ನು ಯಂತ್ರ ತರುವುದಕ್ಕೆ ಮುಂಚೆಯೇ ಹೆಸರಿಟ್ಟು ಬರೆದ ಸಂಸ್ಥೆಯ ಪರಿವರ್ತನೆ ಮಾತ್ರ ಸಫಲವಾಗತಕ್ಕದ್ದು. ಅಜ್ಜಿ ಸಂಶಯಪಟ್ಟ ದಿನ ಅದೇ ಹಾಲನ್ನು ಅವಳ ಕಣ್ಣ ಮುಂದೆ ಗರ್ಬರನ ನಳಿಗೆಯಲ್ಲಿ ಇನ್ನೊಮ್ಮೆ ಪರೀಕ್ಷಿಸುವ ಕಟ್ಟಳೆ ಇದ್ದರೆ, ಅವಳು ವರ್ಷಕ್ಕೊಮ್ಮೆ ಕೂಡ ಅದನ್ನು ಕೇಳದೆ ಹೋಗಬಹುದು. ಕೇಳಬಹುದೆಂಬುದೇ ಅವಳಿಗೆ ಸಾಕು. ಚೀಟಿ ಕನ್ನಡದಲ್ಲಿರಬೇಕೆಂಬುದೂ ಇದರಲ್ಲಿಯೇ ಅಡಗಿದೆ. ಓದಲಾಗದ ಲೆಕ್ಕ ಎಷ್ಟು ಶುದ್ಧವಾಗಿದ್ದರೂ ಒಪ್ಪಿಸಿದ ಲೆಕ್ಕವಲ್ಲ.

ಇನ್ನು ಬಟವಾಡೆಯ ಮಾತು. ಹಣ ನೇರವಾಗಿ ಬ್ಯಾಂಕಿಗೆ ಹೋಗುವುದರಿಂದ ನಡುವಿನ ಕೈಗಳು ತಪ್ಪಿದುವು. ಇದು ದೊಡ್ಡ ಉಪಕಾರ. ಆದರೆ ಹಾಲು ಕರೆಯುವ ಕೈ ಒಂದು, ಖಾತೆಯ ಹೆಸರು ಇನ್ನೊಂದು ಆಗಿರುವ ಮನೆಗಳು ಹಳ್ಳಿಯಲ್ಲಿ ಕಡಿಮೆಯಲ್ಲ. ಹಿಂದೆ ಡೇರಿಯ ಕಟ್ಟೆಯಲ್ಲಿ ಬಟವಾಡೆಯಾದಾಗ, ಸದಸ್ಯತ್ವ ಯಾರ ಹೆಸರಿನಲ್ಲಿದ್ದರೂ, ಹಾಲು ಹೊತ್ತು ತಂದ ಹೆಂಗಸಿನ ಸೆರಗಿನ ಗಂಟಿಗೆ ಹಣ ಬೀಳುತ್ತಿತ್ತು. ಉಪ್ಪು, ಮೆಣಸು, ಮಗುವಿನ ಪುಸ್ತಕ ಅದರಿಂದ ಬರುತ್ತಿದ್ದುವು. ಈಗ ಹಣ ಹೆಸರಿದ್ದವನಿಗೆ ಹೋಗುವುದು. ಯಂತ್ರವು ಯಾವ ಅನ್ಯಾಯವನ್ನೂ ಹೊಸದಾಗಿ ಮಾಡಲಿಲ್ಲ. ಕಾಗದದಲ್ಲಿದ್ದುದನ್ನು ಕಾಗದದಂತೆಯೇ ನಡೆಸಿತು, ಅಷ್ಟೆ. ಹಿಂದೆ ಕಾಗದಕ್ಕೂ ಬಾಳಿಗೂ ನಡುವೆ ಒಂದಿಷ್ಟು ಸಡಿಲವಿತ್ತು, ಆ ಸಡಿಲದಲ್ಲಿ ಹೆಂಗಸರು ಬದುಕುತ್ತಿದ್ದರು. ಮಹಿಳೆಯರದೇ ಆದ ಸಂಘಗಳಲ್ಲಿ ಈ ತೊಡಕು ಕಡಿಮೆ. ಉಳಿದೆಡೆ ಮೊದಲು ಬದಲಾಗಬೇಕಾದುದು ಯಂತ್ರವಲ್ಲ, ಸದಸ್ಯರ ಪಟ್ಟಿ.

ಹಾಗಾದರೆ ಕ್ಯಾನಿನ ಮುಚ್ಚಳವನ್ನು ಮತ್ತೆ ತೆಗೆದ ಆ ಕರುಣೆ? ಯಂತ್ರದಲ್ಲಿ ಅದಕ್ಕೆ ಎಡೆ ಇಲ್ಲ. ಹೊತ್ತು ಮೀರಿದರೆ ಹಾಲು ಬರೆದುಕೊಳ್ಳುವಂತಿಲ್ಲ. ನಿಯಮ ಎಲ್ಲರಿಗೂ ಒಂದೇ ಆಗಿರುವುದೇ ನ್ಯಾಯವೆನ್ನುವವರ ಮಾತಿನಲ್ಲಿ ಬಲವಿದೆ. ಒಬ್ಬನ ದಾಕ್ಷಿಣ್ಯವನ್ನು ನಂಬಿ ಬಾಳುವುದು ಸ್ವತಂತ್ರರ ಬಾಳಲ್ಲ, ದಾಕ್ಷಿಣ್ಯ ಎಲ್ಲರ ಪಾಲಿಗೂ ಸಮನಾಗಿ ಬರುತ್ತಲೂ ಇರಲಿಲ್ಲ. ಕಾರ್ಯದರ್ಶಿಯ ನೆಂಟರಿಗೆ ಮಳೆ ಹೆಚ್ಚು ಬರುತ್ತಿತ್ತು. ಆದರೂ ಮಳೆಯಲ್ಲಿ ನೆನೆದವಳು ನೆನೆದದ್ದು ಸುಳ್ಳಲ್ಲ. ಒಬ್ಬನ ಕೈಯಲ್ಲಿ ಗುಟ್ಟಾಗಿದ್ದ ಕರುಣೆಯನ್ನು ಸಂಘವು ಬಹಿರಂಗವಾಗಿ ತನ್ನ ಮೇಲೆ ಹೊತ್ತುಕೊಳ್ಳಬಹುದು: ಆಸ್ಪತ್ರೆಯ ಖರ್ಚಿಗೆ ಮುಂಗಡ ಇಷ್ಟು, ಅದಕ್ಕೆ ಇಂತಹವರ ಒಪ್ಪಿಗೆ, ತೀರಿಸುವುದು ಹೀಗೆ ಎಂದು ಠರಾವು ಮಾಡಬಹುದು. ಪೆನ್ಸಿಲ್ ಗುರುತಿನ ಸಲಿಗೆ ಠರಾವಿನಲ್ಲಿ ಬರಲಾರದು, ನಿಜ. ಕೇಳುವವಳು ಹತ್ತು ಜನರ ಮುಂದೆ ತನ್ನ ಕಷ್ಟವನ್ನು ಹೇಳಬೇಕಾಗುವುದು. ಕೆಲವರು ಅದಕ್ಕಿಂತ ಉಪವಾಸವೇ ಮೇಲೆನ್ನುವರು. ಇದಕ್ಕೆ ಪರಿಹಾರ ಸುಲಭವಾಗಿ ತೋರದು.

ಸಹಕಾರ ಕಾನೂನಿನಂತೆ ಪ್ರತಿ ಸಂಘವೂ ವರ್ಷಕ್ಕೊಮ್ಮೆ, ಸೆಪ್ಟೆಂಬರ್ ೨೫ರೊಳಗೆ, ಸರ್ವಸದಸ್ಯರ ಸಭೆ ಸೇರಿಸಬೇಕು. ಆ ಸಭೆಗಳಲ್ಲಿ ಜಮಾಖರ್ಚು ಓದುವರು, ಬೋನಸ್ಸು ಹೇಳುವರು, ಬಂದವರಿಗೆ ತಿಂಡಿ ಕಾಫಿ ಆಗುವುದು. ಯಂತ್ರವನ್ನು ಆ ವರ್ಷ ಎಷ್ಟು ಸಲ ಪರೀಕ್ಷಿಸಿದರು, ಎಷ್ಟು ಸಲ ತಪ್ಪು ಕಂಡಿತು, ತಪ್ಪಿದ ದಿನಗಳ ಹಣವನ್ನು ಯಾರಿಗೆ ಹಿಂದಕ್ಕೆ ಕೊಟ್ಟರು ಎಂಬ ಮೂರು ಸಾಲುಗಳನ್ನೂ ಅಲ್ಲಿ ಓದಬಹುದು. ಓದಲು ಎರಡು ನಿಮಿಷವೂ ಬೇಡ. ಪ್ರಶ್ನೆ ಕೇಳುವ ಸದಸ್ಯರು ತಮ್ಮ ಚೀಟಿಗಳನ್ನು ತರಬೇಕಾಗುವುದು. ಆದರೆ ಆ ಚೀಟಿಗಳಲ್ಲಿ ಬಹಳಷ್ಟು ಶಾಖದಿಂದ ಅಚ್ಚಾಗುವ ಕಾಗದದವು; ಅಡುಗೆಮನೆಯ ಗೂಡಿನಲ್ಲಿ, ಒಲೆಯ ಬಿಸಿಗೆ, ಕೆಲವೇ ತಿಂಗಳಲ್ಲಿ ಅವುಗಳ ಅಕ್ಷರ ಮಾಸಿ ಬಿಳಿಯ ತುಂಡುಗಳಾಗುವುವು. ಹಳೆಯ ಪಾಸ್ ಪುಸ್ತಕದ ಮಸಿ ಮಾತ್ರ ಇನ್ನೂ ಓದಬಹುದಾಗಿದೆ. ಅದನ್ನು ಪೆಟ್ಟಿಗೆಯಲ್ಲಿಟ್ಟುಕೊಂಡಿರುವ ಮನೆಗಳು ಚನ್ನರಾಯಪಟ್ಟಣದ ಕಡೆ ಈಗಲೂ ಇವೆ.